ಪಡುಕೇರಿ ಬಾವಿಯ ಜಲಜಕ್ಕ

ಬೈಂದೂರಿನ ಪಡುಕೇರಿ ಬಾವಿಯ ಕೆಲಸ ನನಗೆ ಸಿಕ್ಕಿದೆ ಎಂಬ ಸುದ್ದಿಯನ್ನು ನನಗೆ ಮೊದಲು ಹೇಳಿದ್ದು ಪಟ್ಟಣ ಪಂಚಾಯತಿಯ ಎಂಜಿನಿಯರ್ ಅಲ್ಲ, ಜಲಜಕ್ಕ. ಆಗ ಅವರು ಯಾರೆಂದೇ ನನಗೆ ಗೊತ್ತಿರಲಿಲ್ಲ. ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಫೋನ್ ಬಂತು. ಹಲೋ ಅನ್ನುವುದಕ್ಕೂ ಬಿಡದೆ ಆ ಕಡೆಯಿಂದ ಹೆಂಗಸಿನ ದೊಡ್ಡ ಸ್ವರ.

“ಹ್ವಾಯ್, ಭೋಜರಾಜ ಶೆಟ್ರಾ? ಬಾವಿ ಟೆಂಡರ್ ನಿಮ್ಗೇ ಆಯ್ತಂಬ್ರ. ಯಾವಾಗ ಬತ್ರಿ?”

“ನೀವ್ ಯಾರ್?” ಅಂದೆ.

“ನಾನ್ ಜಲಜ. ಪಡುಕೇರಿಲಿ ಮನೆ, ಮೀನ್ ಮಾರೂದ್. ಅದೆಲ್ಲ ಆಮೇಲೆ ಹೇಳ್ತೆ, ನೀವ್ ಯಾವಾಗ ಬತ್ರಿ ಹೇಳಿ.”

ಇಷ್ಟು ವರ್ಷ ಕಂಟ್ರಾಕ್ಟು ಮಾಡಿದ್ದೇನೆ. ಚರಂಡಿ, ಮೋರಿ, ಅಂಗನವಾಡಿಯ ಕಾಂಪೌಂಡು, ಎಲ್ಲ ಆಗಿದೆ. ನನಗೆ ಕೆಲಸ ಸಿಕ್ಕಿತೆಂದು ಖುಷಿಪಟ್ಟವರು ಎಂದರೆ ನನ್ನ ಹೆಂಡತಿ ಒಬ್ಬಳೇ, ಅವಳದ್ದೂ ಅರ್ಧ ಖುಷಿ. ಉಳಿದವರ ಕಣ್ಣಿಗೆ ಕಂಟ್ರಾಕ್ಟರ್ ಅಂದರೆ ಸಿಮೆಂಟಿನಲ್ಲಿ ಮರಳು ಬೆರೆಸಲಿಕ್ಕೆಂದೇ ಹುಟ್ಟಿದವನು. ಹಾಗಿರುವಾಗ ನನ್ನ ದಾರಿ ಕಾಯುವವರೂ ಒಬ್ಬರಿದ್ದಾರಲ್ಲ ಎಂದು ಆ ದಿನ ಚಹಾ ಆರುವವರೆಗೆ ಫೋನನ್ನೇ ನೋಡುತ್ತ ನಿಂತೆ. ನಾನು ಈಗ ಇದನ್ನು ಬರೆಯಲು ಕೂತದ್ದಕ್ಕೆ ಕೃತಜ್ಞತೆ ಬಿಟ್ಟು ಬೇರೆ ಕಾರಣವಿಲ್ಲ.

ಜಲಜಕ್ಕನಿಗೆ ಅರವತ್ತು ದಾಟಿದೆ. ಬೆಳಿಗ್ಗೆ ದೋಣಿ ದಡಕ್ಕೆ ಬರುವಾಗ ಹೋಗಿ ಮೀನು ತೆಗೆದುಕೊಂಡು, ಬುಟ್ಟಿ ಹೊತ್ತು ಬಸ್ಸು ಹತ್ತಿ, ಬಿಜೂರಿನಲ್ಲಿ ಮನೆ ಮನೆ ತಿರುಗಿ ಮಾರುತ್ತಾರೆ. ಬುಟ್ಟಿ ಖಾಲಿಯಾದ ಮೇಲೆ ಸೀದಾ ಮನೆಗೆ ಹೋಗುವುದು ಕ್ರಮ. ಆದರೆ ಮೂರು ಬೇಸಿಗೆಯಿಂದ ಅವರು ದಾರಿಯಲ್ಲಿ ಪಂಚಾಯತಿ ಕಚೇರಿಗೆ ಹೊಕ್ಕು, ಹೊರಗಿನ ಬೆಂಚಿನ ಅಡಿಗೆ ಬುಟ್ಟಿ ತಳ್ಳಿ, ಬಾವಿಯ ವಿಷಯ ಎಲ್ಲಿಗೆ ಬಂತೆಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಜಲಜಕ್ಕ ಬಂದದ್ದು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು ಎಂದು ಅಲ್ಲಿಯ ಗುಮಾಸ್ತರು ನಗುತ್ತಲೇ ಹೇಳಿದರು. ಅವರಿಗೂ ಆಕೆಯ ಮೇಲೆ ಪ್ರೀತಿಯೇ.

ಕೇರಿಯ ಕಷ್ಟ ಸಣ್ಣದಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಮಾರ್ಚ್ ಬಂತೆಂದರೆ ಮನೆ ಬಾವಿಗಳೆಲ್ಲ ಉಪ್ಪು. ಸಿಹಿನೀರಿನದ್ದು ಇದೊಂದೇ ಬಾವಿ. ಅದರ ಕೆಂಪುಕಲ್ಲಿನ ಗೋಡೆ ಒಂದು ಬದಿ ಜರಿದು ಅಡಿ ಹೂಳು ತುಂಬಿ, ಕೊಡಪಾನ ಇಳಿಸಿದರೆ ಅರ್ಧ ಕೆಸರು ಬರುತ್ತಿತ್ತು. ಹೂಳು ತೆಗೆದು, ಇನ್ನಷ್ಟು ಆಳ ಮಾಡಿ, ಅಡಿಯಿಂದ ಸಿಮೆಂಟಿನ ರಿಂಗ್ ಕೂರಿಸಿ, ಪಂಪು ಇಟ್ಟು ಮನೆಗಳಿಗೆ ನಳ್ಳಿ ಕೊಡುವುದು ಯೋಜನೆ. ಕಡಲ ಬದಿಯ ಆಳದ ಬಾವಿಯ ಕೆಲಸ ಯಾರಿಗೆ ಬೇಕು? ಮೊದಲ ಸಲ ಟೆಂಡರ್ ಕರೆದಾಗ ಯಾರೂ ಹಾಕಲಿಲ್ಲ. ಎರಡನೇ ಸಲ ನಾನು ಹಾಕಿದೆ. ಧೈರ್ಯವೆಂದು ತಿಳಿಯಬೇಡಿ, ಆ ವರ್ಷ ಬೇರೆ ಕೆಲಸವಿರಲಿಲ್ಲ. ಆದೇಶ ಕೈಗೆ ಬರುವಾಗ ಏಪ್ರಿಲ್ ಮುಗಿಯುತ್ತ ಬಂದಿತ್ತು.

ನಾನು ಮೊದಲ ಸಲ ಕೇರಿಗೆ ಹೋದಾಗ ಜಲಜಕ್ಕ ಹಬ್ಬಕ್ಕೆ ಬಂದ ನೆಂಟನನ್ನು ಕರೆದ ಹಾಗೆ ಕರೆದು ಕೂರಿಸಿದರು. ಒಳಗೆ ಶಿಶು ಅಳುವುದು ಕೇಳಿಸುತ್ತಿತ್ತು. ಸಾಕಿದ ಮಗಳು ಮೋಕ್ಷಿತಾ ಹೆರಿಗೆಗೆ ಬಂದಿದ್ದಾಳೆ, ಹೆಣ್ಣು ಮಗು ಎಂದರು. ಬಾವಿಯನ್ನು ಸುತ್ತು ಹಾಕಿ ತೋರಿಸಿದರು. ಆಮೇಲೆ ಸೆರಗಿನ ತುದಿ ಹಿಡಿದುಕೊಂಡು, ಅವರದ್ದಲ್ಲದ ಸಣ್ಣ ಸ್ವರದಲ್ಲಿ ಒಂದು ಮಾತು ಕೇಳಿದರು.

“ಶೆಟ್ರೆ, ಕೆಲ್ಸ ಮೇ ತಿಂಗ್ಳ್ ಕಡಿಗೆ ಶುರು ಮಾಡೂಕ್ ಆತ್ತಾ?”

ನನಗೆ ರೇಗಿತು. ಫೋನ್ ಮಾಡಿ ಮಾಡಿ ತಲೆ ತಿಂದವರು ಇವರೇ, ಈಗ ತಡ ಮಾಡಿ ಎನ್ನುವವರೂ ಇವರೇ. “ಆತಿಲ್ಲ ಜಲಜಕ್ಕ. ಮಳೆ ಬಿದ್ರೆ ಅಡಿ ರಿಂಗ್ ಕೂರ್ಸೂಕ್ ಆತಿಲ್ಲ. ಒಂದ್ ವರ್ಷ ಹೋತ್ತ್, ಮತ್ತೆ ಟ್ಯಾಂಕರೇ ಗತಿ” ಅಂದೆ.

ಅವರು ಬಾವಿಯ ಕಡೆ ನೋಡಿದರು. “ಹಂಗಾರೆ ನಾಳೆಯೇ ಶುರು ಮಾಡಿ. ಕೇರಿಗ್ ನೀರ್ ಬೇಕಲ್ದಾ” ಅಂದು ಒಳಗೆ ಹೋಗಿ ನನಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟರು.

ಕೆಲಸ ಶುರುವಾಯಿತು. ಕಟ್ಟೆ ಒಡೆದೆವು, ರಾಟೆ ಬಿಚ್ಚಿದೆವು, ಮಣ್ಣೆತ್ತಲು ಬಾವಿಯ ಬಾಯಿಗೆ ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ ಅದಕ್ಕೆ ರಾಟೆ ಕಟ್ಟಿದೆವು. ಬಾವಿಯ ಒಳಗಿನ ಕೆಲಸಕ್ಕೆ ಕುಂದಾಪುರದ ಗುಡ್ಡ ಎಂಬವನು ಮತ್ತು ಅವನ ಜನ. ಮಧ್ಯಾಹ್ನ ಅವರಿಗೆಲ್ಲ ಜಲಜಕ್ಕನ ಮನೆಯಲ್ಲೇ ಊಟ. ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು. ಬೇಡವೆಂದರೆ ಬೈಗುಳ. ಕೆಲಸಗಾರರಿಗೆ ಹೀಗೆ ಬಡಿಸುವ ಮನೆ ಇನ್ನೆಲ್ಲೂ ಕಂಡಿಲ್ಲ ಎಂದು ಗುಡ್ಡ ದಿನಾ ಹೇಳುತ್ತಿದ್ದ. ನಾನೂ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಿದ್ದೆ.

ಒಂದು ದಿನ ಊಟ ಮುಗಿಸಿ ಕೈ ತೊಳೆಯುವಾಗ ಪಕ್ಕದ ಮನೆಯ ಶ್ರೀಲತಾ ನನ್ನನ್ನು ಬೇಲಿಯ ಹತ್ತಿರ ಕರೆದಳು.

“ಜಲಜಕ್ಕ ಕೆಲ್ಸ ಮುಂದೆ ಹಾಕಿ ಅಂದದ್ ಎಂತಕೆ, ಗೊತ್ತಿತ್ತಾ ನಿಮ್ಗೆ? ಮೋಕ್ಷಿತಾ ಬಾವಿಗ್ ಹೋಪ ದಿನ ಮೇ ತಿಂಗ್ಳಲ್ಲ್ ಬತ್ತ್. ಅಷ್ಟೊತ್ತಿಗೆ ಬಾವಿಲಿ ನೀರೇ ಇಪ್ಪುದಿಲ್ಲ ಅಲ್ದಾ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಬಾಣಂತಿ ನಲವತ್ತು ದಿನ ಬಾವಿ ಮುಟ್ಟುವುದಿಲ್ಲ. ಆಮೇಲೆ ಮಿಂದು, ಬಾವಿಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು ಕೈ ಮುಗಿದು, ತಾನೇ ಒಂದು ಕೊಡಪಾನ ನೀರು ಸೇದಿ ಮನೆಯೊಳಗೆ ತರುತ್ತಾಳೆ. ಅಲ್ಲಿಗೆ ಬಾಣಂತನ ಮುಗಿಯಿತು, ತಾಯಿ ಗಟ್ಟಿಯಾದಳು ಎಂದು ಲೆಕ್ಕ. ಮೋಕ್ಷಿತಾಳ ಹೆತ್ತಬ್ಬೆ ಜಲಜಕ್ಕನ ತಂಗಿ ವನಜ. ಅವಳು ಮಗುವನ್ನು ಹೆತ್ತು, ಬಾವಿಗೆ ಹೋಗುವ ದಿನ ಬರುವ ಮೊದಲೇ ಜ್ವರದಲ್ಲಿ ತೀರಿಕೊಂಡಳು. ಶಿಶುವನ್ನು ಎತ್ತಿಕೊಂಡವರು ಜಲಜಕ್ಕ. ಆಗ ಅವರಿಗೆ ಗಂಡು ಗೊತ್ತಾಗಿತ್ತು. ಮಗುವನ್ನು ಬಿಟ್ಟು ಬರಬೇಕು ಎಂದರಂತೆ ಆ ಮನೆಯವರು. ಹಾಗಾದರೆ ನೀವೇ ಬರುವುದು ಬೇಡ ಎಂದರಂತೆ ಇವರು. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ತಂಗಿ ಕಾಣದ ಆ ದಿನವನ್ನು ಮಗಳಾದರೂ ಕಾಣಬೇಕು, ಅದೇ ಬಾವಿಯ ನೀರು ಅವಳ ಕೈಯಿಂದ ಒಳಗೆ ಬರಬೇಕು ಎಂಬುದೊಂದು ಆಸೆ ಇಟ್ಟುಕೊಂಡಿದ್ದರು. ತಾವೇ ಕಚೇರಿಗೆ ಅಲೆದು ತರಿಸಿದ ಕೆಲಸ ಅದಕ್ಕೆ ಅಡ್ಡ ನಿಂತಿತ್ತು.

ಒದ್ದೆ ಕೈ ಒರಸಿಕೊಳ್ಳಲೂ ನಿಲ್ಲಲಿಲ್ಲ. ಸೀದಾ ಹೋಗಿ ಕೇಳಿದೆ. “ಜಲಜಕ್ಕ, ಅವತ್ತೇ ಹೇಳೂಕ್ ಎಂತ ಆಯ್ತಿತ್ ನಿಮ್ಗೆ?”

“ಹೇಳಿ ಎಂತ ಮಾಡೂದ್? ನಿಮ್ಗ್ ಮಳೆ ನಿಲ್ಸೂಕ್ ಆತ್ತಾ?” ಅವರು ಮೀನಿನ ಬುಟ್ಟಿಯನ್ನು ತೊಳೆಯುತ್ತಲೇ ಇದ್ದರು. “ಬೇರೆ ಬಾವಿಗ್ ಕರ್ಕಂಡ್ ಹೋತೆ. ಎಲ್ಲಾ ಗಂಗೆಯೇ.” ಹೇಳಿದ್ದು ಹಾಗೆ, ಕಣ್ಣು ತುಂಬಿತ್ತು. ತೊಳೆದ ಬುಟ್ಟಿಯನ್ನೇ ಮತ್ತೆ ತೊಳೆದರು.

ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಆಕಾಶ ಆಗಲೇ ಪಡುವಣದಲ್ಲಿ ಕಪ್ಪಿಡುತ್ತಿತ್ತು. ರಿಂಗ್ ಕೂರುವವರೆಗೆ ಒಳಗೆ ನೀರು ನಿಲ್ಲುವಂತಿಲ್ಲ. ನನಗೋ ದಿನ ಬೆಳಗಾದರೆ ಆ ನೀರಿನದ್ದೇ ಗೋಳು. ಸಂಜೆ ಒಣಗಿಸಿ ಹೋದ ಬಾವಿಯಲ್ಲಿ ಬೆಳಿಗ್ಗೆ ನೋಡಿದರೆ ಒಸರು ಬಂದು ಮೊಣಕಾಲು ಮುಳುಗುವಷ್ಟು ನಿಂತಿರುತ್ತಿತ್ತು. ಅದನ್ನು ಪಂಪು ಹಚ್ಚಿ ಹೊರಗೆ ಹಾಕದೆ ಗುಡ್ಡ ಇಳಿಯುವುದಿಲ್ಲ. ಮರುದಿನ ಪಂಪಿನ ಹತ್ತಿರ ನಿಂತು ಎಂದಿನಂತೆ ಆ ನೀರಿಗೆ ಬೈಯುತ್ತಿದ್ದೆ. ಬೈಗುಳ ಬಾಯಿಯಲ್ಲಿರುವಾಗಲೇ ತಲೆಗೆ ಹೊಳೆಯಿತು. ನೀರು ಇಲ್ಲ ಎಂದು ಹೇಳಿದವರು ಯಾರು? ಪಂಪು ಹಾಕುವ ಮೊದಲು ಇದೆಯಲ್ಲ!

ಜಲಜಕ್ಕ ಬಸ್ಸಿಗೆ ಹೊರಟಿದ್ದರು. ಓಡಿ ಹೋಗಿ, ಮೋಕ್ಷಿತಾ ನೀರು ಸೇದಿದ ಮೇಲೆಯೇ ಆ ದಿನ ಪಂಪು ಹಾಕುತ್ತೇನೆ ಎಂದು ಹೇಳಿದೆ. ಅವರು ಬುಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದರು. “ಹೌದಾ ಮಾರಾಯ್ರೆ” ಎಂದಷ್ಟೇ ಹೇಳಿ, ನನ್ನ ಎರಡೂ ಕೈ ಹಿಡಿದುಕೊಂಡರು. ಬಸ್ಸು ಹೋಯಿತು. ಅದನ್ನು ಅವರು ತಿರುಗಿಯೂ ನೋಡಲಿಲ್ಲ.

ಮೋಕ್ಷಿತಾ ಬಾವಿಗೆ ಹೋಗುವ ದಿನ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಬಾವಿಯ ಸುತ್ತ ಸೇರಿದರು. ಗುಡ್ಡ ಮತ್ತು ಅವನ ಜನ ಮಣ್ಣಿನ ರಾಶಿಯನ್ನು ಬದಿಗೆ ಸರಿಸಿ, ಹಲಗೆ ಹಾಸಿ, ಮುಕ್ಕಾಲಿಯ ರಾಟೆಗೆ ಹೊಸ ಹಗ್ಗ ಹಾಕಿದ್ದರು. ಕುಂದಾಪುರದ ಕೋಡಿಯಿಂದ ಮೋಕ್ಷಿತಾಳ ಅತ್ತೆ ಪ್ರಫುಲ್ಲಾ ಬಂದಿದ್ದರು. ಮೋಕ್ಷಿತಾ ಮಿಂದು ತಲೆಗೆ ಮಲ್ಲಿಗೆ ಮುಡಿದು ಬಂದಳು. ಬಾವಿಯ ಬಾಯಿಯ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಕೊಡಪಾನ ಇಳಿಸಿದಳು. ಹಗ್ಗದ ತುದಿಯನ್ನು ಗುಡ್ಡ ಹಿಡಿದಿದ್ದ, ಎಳೆದವಳು ಅವಳೇ. ಮೇಲೆ ಬಂದ ನೀರನ್ನು ಎಲ್ಲರೂ ಬಗ್ಗಿ ನೋಡಿದರು. ಅಗೆದ ಮಣ್ಣು ಕಲಸಿ ನೀರು ದಪ್ಪ ಹಳದಿಯಾಗಿತ್ತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

“ಇದ್ ನೀರಾ, ಕೆಸ್ರಾ?” ಅಂದರು ಪ್ರಫುಲ್ಲಾ. “ಬಾಣ್ತಿ ಕೈಲಿ ಇದನ್ನ್ ಮನೆ ಒಳ್ಗೆ ತಕಂಡ್ ಹೋಪುದಾ?”

ಮೋಕ್ಷಿತಾಳ ಮುಖ ಸಣ್ಣದಾಯಿತು. ಜಲಜಕ್ಕ ಮುಂದೆ ಬಂದು, ಕೊಡಪಾನಕ್ಕೆ ಕೈ ಅದ್ದಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡರು.

“ಉಪ್ಪಿಲ್ಲ, ಸಿಹಿಯೇ ಇತ್ತ್” ಅಂದರು. ಆಮೇಲೆ ಪ್ರಫುಲ್ಲಾ ಕಡೆ ತಿರುಗಿದರು. “ನಾನ್ ಹೆತ್ತವ್ಳಲ್ಲ, ನೀವ್ ಹೆತ್ತವ್ರ್. ನೀವೇ ಹೇಳಿ. ಹೆತ್ತ ಕೂಡ್ಲೆ ಬಪ್ಪ ಹಾಲ್ ಬೆಳ್ಳಗೆ ಇರತ್ತಾ? ಹಳ್ದಿ, ದಪ್ಪ. ಅದನ್ನೇ ಮೊದ್ಲ್ ಶಿಶುಗೆ ಕೊಡಿ, ಚೆಲ್ಬೇಡಿ ಅಂತ ಆಸ್ಪತ್ರೆಲಿ ನರ್ಸ್ ಹೇಳ್ಲಿಲ್ಯಾ? ಈ ಬಾವಿಯೂ ಈಗ ಬಾಣ್ತಿಯೇ.”

ಪ್ರಫುಲ್ಲಾ ನೀರನ್ನು ಇನ್ನೊಮ್ಮೆ ನೋಡಿದರು. ಮತ್ತೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ತಾವೇ ಕೊಡಪಾನ ಎತ್ತಿ ಸೊಸೆಯ ಸೊಂಟದ ಮೇಲೆ ಇಟ್ಟರು. ಮೋಕ್ಷಿತಾ ಅಳುತ್ತ ನಗುತ್ತ ಮನೆಯ ಕಡೆ ನಡೆದಳು, ಹೆಂಗಸರೆಲ್ಲ ಅವಳ ಹಿಂದೆ. ಅವಳು ಹೊಸ್ತಿಲು ದಾಟುವವರೆಗೂ ಜಲಜಕ್ಕ ನೋಡುತ್ತ ಬಾವಿಯ ಹತ್ತಿರವೇ ನಿಂತಿದ್ದರು. ಒಳಗಿನಿಂದ ಶಿಶುವಿನ ಅಳು ಕೇಳಿತು. ಆಗ ಸೆರಗಿನಿಂದ ಮುಖ ಒರಸಿಕೊಂಡು, ಇನ್ನೂ ಬಾಗಿಲನ್ನೇ ನೋಡುತ್ತ ನಿಂತಿದ್ದ ನನ್ನ ಕಡೆ ತಿರುಗಿದರು. ಸ್ವರ ಮತ್ತೆ ಹಳೆಯ ದೊಡ್ಡ ಸ್ವರ.

“ಎಂತ ಕಾಂತ್ರಿ ಶೆಟ್ರೆ? ಮಳೆ ಬಪ್ಪುಕಾಯ್ತ್. ಪಂಪ್ ಹಾಕಿ.”