ಕಡೆಯ ನುಡಿಯಲ್ಲಿ ದುರ್ಗಪ್ಪ

“ಈ ಪದಾ ನಂದಲ್ಲರಿ. ಹುನಗುಂದದ ದುರ್ಗಪ್ಪ ಕಟ್ಟಿದ್ದು. ಅವನ ಬಾಯಿಂದ ಕೇಳೇನಿ, ಅವನ ಮುಂದ ಕುಂತು ತಿದ್ದಿಸ್ಕೊಂಡೇನಿ. ನಡುವಿನ ಒಂದು ನುಡಿ ಮರತಿತ್ತು, ಅದನ್ನಷ್ಟು ನಾ ಕಟ್ಟಿ ಸೇರಿಸೇನಿ. ಅದರಾಗ ತಪ್ಪಿದ್ರ ನನ್ನ ಬೈರಿ, ಅವನ್ನ ಬೈಬ್ಯಾಡ್ರಿ. ಉಳಿದದ್ದು ಛಲೋ ಅನಿಸಿದ್ರ ಅವನ ಹೆಸರು ತಗೀರಿ. ಸತ್ತಾಂವ ಬಂದು ತನ್ನದಂತ ಕೇಳೂದಿಲ್ಲ. ನಾವು ಹೇಳಬೇಕು.”

ಹಾಡೆಂದು ಯಾರೇ ಕೇಳಲಿ, ಇಳಕಲ್ಲಿನ ನೇಕಾರ ಮುರ್ತುಜಸಾಬ ಇಷ್ಟು ಹೇಳಿಯೇ ದನಿ ಎತ್ತುತ್ತಿದ್ದ. ಈ ಮಾತಿಗಾಗಿ ಅವನು ಕಳೆದುಕೊಂಡದ್ದೂ ಉಂಟು.

ಸೀರೆ ಮಾರಲು ಹುನಗುಂದದ ಸಂತೆಗೆ ಹೋದಾಗ ದುರ್ಗಪ್ಪನಿಂದ ಕಲಿತ ಮೊಹರಮ್ ಪದ ಅದು. ಪ್ಲೇಗಿನಲ್ಲಿ ದುರ್ಗಪ್ಪ ತೀರಿಕೊಂಡ. ಮರುವರ್ಷ ಮೊಹರಮ್ಮಿಗೆ ಹುನಗುಂದದ ಮೇಳ ಇಳಕಲ್ಲಿಗೆ ಹಾಡಿನ ಸವಾಲಿಗೆ ಬರುವುದಿತ್ತು. ಇಳಕಲ್ಲಿನ ಮೇಳದಲ್ಲಿ ಮುಂದೆ ನಿಂತು ಹಾಡುವವನು ಮುರ್ತುಜಸಾಬ. ಅವನಪ್ಪ ನಿಂತ ಜಾಗವದು. ಇಂಥ ಪದದ ಕಡೆಯ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ಬರುವುದು ಪದ್ಧತಿ.

“ಹುನಗುಂದ ತಗದು ಇಳಕಲ್ಲ ಹಾಕು, ನಿನ್ನ ಹೆಸರು ಸೇರಿಸು,” ಎಂದ ಮೇಳದ ಹಿರಿಯ, ಅವನ ಸೋದರಮಾವ ಅಬ್ದುಲಸಾಬ. “ಸೊಲ್ಲ, ಬೆಲ್ಲ, ಇಳಕಲ್ಲ, ಹೆಂಗ ಕೂಡತೈತಿ ನೋಡು. ದುರ್ಗಪ್ಪ ಎದ್ದು ಬರ್ತಾನೇನು?”

“ಬಂದ್ರ ಮೊದಲ ಓಡಾಂವ ನೀನ, ಮಾಮಾ,” ಎಂದ ಹಿಮ್ಮೇಳದ ಜಹಾಂಗೀರ.

ಅಬ್ದುಲಸಾಬ ನಗಲಿಲ್ಲ. “ಹುನಗುಂದದವರ ಮುಂದ ಅವರ ಹೆಸರು ಹಾಡಿದ್ರ ನೀ ಇನ್ನ ಮುಂದ ನಿಂದ್ರೂದು ಬ್ಯಾಡ.”

ಮುರ್ತುಜಸಾಬ ಮಗ್ಗಕ್ಕೆ ಕುಳಿತು ಆ ನುಡಿಯನ್ನು ಬದಲಿಸಿ, ಬಾಯೊಳಗೇ ಹಾಡಿ ನೋಡಿದ. ಮೊದಲಿಗಿಂತ ಚೆನ್ನಾಗಿಯೇ ಕೂತಿತು. ಅದಕ್ಕೇ ಅವನಿಗೆ ಅಂಜಿಕೆಯಾಯಿತು.

“ಯಾಕ, ಮಗ್ಗ ನಿಂತೈತಿ?” ಒಳಗಿನಿಂದ ಹೆಂಡತಿ ಶಮಶಾದಬಿ ಕೇಳಿದಳು.

“ಒಂದು ಸುಳ್ಳು ಭಾಳ ಚಂದ ಐತಿ,” ಅಂದ.

“ಚಂದ ಇದ್ದದ್ದು ಮಂದಿ ನೆನಪಿಡ್ತಾರ. ನೋಡ್ಕೋರಿ,” ಅಂದಳು.

ಸವಾಲಿನ ದಿನ ಮೊಹರಮ್ಮಿನ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಊರೆಲ್ಲ ಸೇರಿತ್ತು. ಮುರ್ತುಜಸಾಬ ಕಡೆಯ ನುಡಿಗೆ ಬಂದು, ಹುನಗುಂದದ ದುರ್ಗಪ್ಪ ಎಂದೇ ಹಾಡಿದ. ಹುನಗುಂದದವರು ಕೇಕೆ ಹಾಕಿದರು.

“ನಾವು ನೇಯ್ದ ಸೀರಿ ನಮಗ ಮಾರಾಕ ಬಂದೀರೇನೋ, ಇಳಕಲ್ಲವರ?”

ನಗೆಯಲ್ಲಿ ಹೆಸರು ಮುಚ್ಚಿಹೋಗಿತ್ತು. ಮುರ್ತುಜಸಾಬ ತಲೆ ತಗ್ಗಿಸಲಿಲ್ಲ. ಗದ್ದಲ ಇಳಿಯುವ ತನಕ ಕಾದು, ಆ ನುಡಿಯನ್ನು ಮತ್ತೊಮ್ಮೆ ಬಿಡಿಸಿ ಹಾಡಿದ. ಹುನಗುಂದದ ಕಡೆ ಮುದುಕನೊಬ್ಬ ದುರ್ಗಪ್ಪನ ಹೆಸರು ಕೇಳಿ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಗೆದ್ದದ್ದು ಮಾತ್ರ ಹುನಗುಂದ.

ಮರುದಿನ ಅಬ್ದುಲಸಾಬ ಮನೆಗೇ ಬಂದ. “ಬರೂ ವರ್ಷ ಜಹಾಂಗೀರ ಮುಂದ ನಿಂದರ್ತಾನ. ಅವಗ ಆ ಪದಾ ಕಲಿಸು.”

“ಕಲಿಸ್ತೇನಿ. ಹೆಸರು ಸೈತ ಕಲಿಸ್ತೇನಿ. ಹೆಸರು ಬಿಟ್ಟು ಹಾಡೂದಾದ್ರ ಬ್ಯಾರೆ ಪದಾ ನೋಡ್ಕೋರಿ.”

“ನಿಮ್ಮಪ್ಪಂದೂ ಹಿಂಗ ಹಠ ಇತ್ತು,” ಎಂದು ಗೊಣಗುತ್ತ ಮಾವ ಎದ್ದ. ಒಲ್ಲೆ ಎನ್ನಲಿಲ್ಲ.

ಬಿಸಿಲು ಏರುತ್ತಿತ್ತು. ಶಮಶಾದಬಿ ನೂಲಿಗೆ ಬಳಿಯುವ ಗಂಜಿಯ ಗಡಿಗೆ ತಂದಿಟ್ಟಳು. ಮುರ್ತುಜಸಾಬ ಓಣಿಯಲ್ಲಿ ಮಗ್ಗದ ಹಾಸಿನ ಉದ್ದ ನೂಲು ಎಳೆದು ಕಟ್ಟಿ, ಕುಂಚ ಅದ್ದಿ, ಒಂದು ತುದಿಯಿಂದ ಬಳಿಯುತ್ತ ನಡೆದ.