ನಿಮ್ಮ ತಾಯಿಗೆ ಬಿ.ಪಿ. ಇತ್ತೇನ್ರಿ?

ನನಗೆ ಏನೂ ಆಗಿರಲಿಲ್ಲ. ವಾಂತಿಯಿಲ್ಲ, ತಲೆಸುತ್ತಿಲ್ಲ. ಬಸಿರಿನ ಹನ್ನೆರಡನೇ ವಾರದ ಸ್ಕ್ಯಾನಿಂಗ್‌ಗೆಂದು ದಿಗ್ಗೇವಾಡಿಯಿಂದ ಚಿಕ್ಕೋಡಿಗೆ ಹೋಗಿದ್ದೆ, ಅಷ್ಟೇ. ಸಿಸ್ಟರ್ ನನ್ನ ಎರಡೂ ತೋಳಿಗೆ ಒಟ್ಟಿಗೇ ಬಿ.ಪಿ. ಪಟ್ಟಿ ಸುತ್ತಿದರು.

ನಾನು ಊರಿನ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವವಳು. ಯಂತ್ರ ಕಂಡರೆ ಬಾಯಿ ಸುಮ್ಮನಿರುವುದಿಲ್ಲ.

"ಎರಡೂ ಕೈಗಿ ಯಾಕ್ರಿ?"

"ಮುಂದ ಬಿ.ಪಿ. ಏರತೈತೇನು, ಕೂಸಿನ ಬೆಳವಣಗಿ ಕಡಿಮಿ ಆಗತೈತೇನು ಅಂತ ಈಗ ಅಂದಾಜ ಮಾಡತೀವ್ರಿ," ಎಂದರು ಡಾಕ್ಟರು. ಗರ್ಭಕೋಶಕ್ಕೆ ಹೋಗುವ ನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆಂದು ಡಾಪ್ಲರ್ ಸ್ಕ್ಯಾನಿನಲ್ಲಿ ನೋಡಿದರು. ರಕ್ತ ತೆಗೆದರು. ಬಾರದ ರೋಗಕ್ಕೆ ಇಷ್ಟೆಲ್ಲ ತಪಾಸಣೆಯೇ ಎಂದು ನನಗೆ ಸೋಜಿಗ. ಕೊನೆಗೆ ಫಾರ್ಮ್ ತುಂಬುತ್ತಾ ಕೇಳಿದರು: "ನಿಮ್ಮ ತಾಯಿಗೆ ಬಸರಿದ್ದಾಗ ಬಿ.ಪಿ. ಇತ್ತೇನ್ರಿ?"

ಗೊತ್ತಿರಲಿಲ್ಲ.

ಅಲ್ಲಿಂದಲೇ ಕಾಗವಾಡಕ್ಕೆ, ಅವ್ವನಿಗೆ ಫೋನು ಹಚ್ಚಿದೆ. "ನಮ್ಮ ಕಾಲಕ್ಕ ಬಿ.ಪಿ. ಎಲ್ಲಿತ್ತ? ಏನೂ ಇರಲಿಲ್ಲ ತಗಿ," ಎಂದಳು. ಡಾಕ್ಟರು 'ಇಲ್ಲ' ಎಂದು ಬರೆದುಕೊಂಡರು.

ವಾರದ ನಂತರ ರಿಪೋರ್ಟ್ ಬಂತು. ಡಾಕ್ಟರು ನೋಡಿ ಹೇಳಿದರು: "ಅಪಾಯ ಗಡಿ ಮ್ಯಾಲ ಐತ್ರಿ. ತಾಯಿ ಬಿ.ಪಿ. ಸುದ್ದಿ ಇನ್ನೊಮ್ಮಿ ಖಾತ್ರಿ ಮಾಡ್ಕೊಂಡ ಬರ್ರಿ. ಗುಳಿಗಿ ಕೊಡೂದಾದ್ರ ಲಗೂನ ಶುರು ಮಾಡಬೇಕು. ತಡಾ ಆದ್ರ ಅಷ್ಟ ಉಪಯೋಗ ಆಗೂದಿಲ್ಲ."

"ನಾವು ಮಹಾರಾಷ್ಟ್ರ ಗಡಿ ಮಂದೀನ ಅಲ್ಲೇನ್ರಿ," ಎಂದು ನಕ್ಕೆ.

ಭಾನುವಾರ ಕಾಗವಾಡಕ್ಕೆ ಹೋದೆ. ಡೇರಿಯಲ್ಲಿ "ನೀರು ಹಾಕೀರೇನು?" ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ಪ್ರಶ್ನೆಯನ್ನೇ ಬದಲಿಸಬೇಕು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಿ.ಪಿ.ಯ ಸುದ್ದಿಯನ್ನೇ ಎತ್ತಲಿಲ್ಲ.

"ಬಸರಿದ್ದಾಗ ನಿನ್ನ ಕಾಲು ಬಾತಿದ್ದುವೇನವ್ವಾ?"

ಅವಳ ಕೈ ನಿಂತಿತು. "ಬಾತಿದ್ದು. ಕಾಲುಂಗುರ ಕತ್ತರಿಸಿ ತಗದ್ರು. ತಲಿ ಸಿಡೀತಿತ್ತು. ಕಣ್ಣ ಮುಂದ ಎಲ್ಲಾ ಮಂಜ."

"ನಾ ಹೊಟ್ಟ್ಯಾಗ ಇದ್ದಾಗ?"

"ನೀ ಅಲ್ಲ. ನಿನಕಿಂತ ಮದಲಿನಾಕಿ."

ನನಗೊಬ್ಬಳು ಅಕ್ಕ ಇದ್ದಳು.

ಎಂಟನೇ ತಿಂಗಳಲ್ಲಿ ಹುಟ್ಟಿದ್ದಳಂತೆ. ಉಸಿರಿರಲಿಲ್ಲ. ಅವ್ವ ಆಗ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಆಸೆಯಾಗಿ ನಾಲ್ಕು ಗೊಂಚಲು ತಿಂದಿದ್ದೇ ಕೂಸು ಹೋಗಲು ಕಾರಣ ಎಂದು ನನ್ನ ಅಜ್ಜಿ ಅಂದಿದ್ದಳಂತೆ. ದ್ರಾಕ್ಷಿಯ ಊರಲ್ಲೇ ಇದ್ದು ಅವ್ವ ಒಂದು ಹಣ್ಣನ್ನೂ ಬಾಯಿಗೆ ಹಾಕಿದ್ದನ್ನು ನಾನು ನೋಡಿಲ್ಲ. ಕೇಳಿದರೆ "ಹಲ್ಲು ಜುಮ್ ಅಂತಾವ" ಎನ್ನುತ್ತಿದ್ದಳು, ನಾನು ನಂಬಿದ್ದೆ. ಊರವರನ್ನೆಲ್ಲ ಪ್ರಶ್ನೆ ಕೇಳಿ ಬೈಸಿಕೊಂಡವಳು ನಾನು. ಅವ್ವನನ್ನು ಒಂದು ದಿನವೂ ಸರಿಯಾಗಿ ಕೇಳಿರಲಿಲ್ಲವಲ್ಲ ಎಂದು ಅತ್ತುಬಿಟ್ಟೆ. ಸತ್ತುಹೋದ ಅಜ್ಜಿಯ ಮೇಲೂ ಸಿಟ್ಟು ಬಂತು. ಅವ್ವ ಅಳಲಿಲ್ಲ. ರೊಟ್ಟಿ ಹೊತ್ತಿತ್ತು, ತಿರುವಿ ಹಾಕಿದಳು.

ಸೋಮವಾರ ಡಾಕ್ಟರು ಎಲ್ಲ ಕೇಳಿಸಿಕೊಂಡು 'ಇಲ್ಲ' ಎಂಬುದನ್ನು ಹೊಡೆದುಹಾಕಿದರು. ಆಸ್ಪಿರಿನ್ ಶುರುವಾಯಿತು. ಮೂವತ್ತಾರನೇ ವಾರದವರೆಗೆ ದಿನಾ ಒಂದು.

ಮನೆಯಲ್ಲಿ ಅತ್ತೆ ಗುಳಿಗೆಯ ಪಟ್ಟಿ ತಿರುಗಿಸಿ ನೋಡಿದರು. "ಇದು ನಿಮ್ಮ ಮಾವನ ಹಾರ್ಟಿನ ಗುಳಿಗಿ ಅಲ್ಲೇನ?" ಹೌದು, ಅದೇ. ಅಂದಿನಿಂದ ಊಟವಾದ ಮೇಲೆ ಮಾವ ತಮ್ಮದನ್ನು ನುಂಗಿ, "ನಿಂದ ಆತೇನವಾ?" ಎಂದು ನನ್ನನ್ನು ಕೇಳುವುದು ರೂಢಿಯಾಯಿತು.

ಮೂವತ್ನಾಲ್ಕನೇ ವಾರದಲ್ಲಿ ಬಿ.ಪಿ. ಏರಿತು.

ಗ್ರೋತ್ ಸ್ಕ್ಯಾನ್‌ನಲ್ಲಿ ಕೂಸಿನ ತೂಕವೂ ಹಿಂದೆ ಬಿದ್ದಿತ್ತು. "ತಪ್ಪದ ತಗೊಂಡೇನಲ್ರಿ, ಮತ್ತ ಯಾಕ ಬಂತು?" ಎಂದು ಡಾಕ್ಟರ ಮೇಲೆಯೇ ರೇಗಿದೆ.

"ಗುಳಿಗಿ ಅಪಾಯ ಕಡಿಮಿ ಮಾಡತೈತಿ, ಪೂರಾ ಇಲ್ಲದಂಗ ಮಾಡೂದಿಲ್ಲ. ಲಗೂ ಬರೋದು ತಡಾ ಬಂದಿರಬಹುದ್ರಿ. ಅಷ್ಟ ವಾರ ಕೂಸಿಗಿ ಸಿಕ್ಕಾವು."

ಬಿ.ಪಿ. ಮಾತ್ರೆ, ಮೂತ್ರ ಪರೀಕ್ಷೆ, ಮತ್ತೆ ಮತ್ತೆ ಡಾಪ್ಲರ್. ದಿನಾ ಬೆಳಿಗ್ಗೆ ಕಾಲುಂಗುರ ತಿರುಗಿಸಿ ನೋಡುತ್ತಿದ್ದೆ. ಮೂವತ್ತೇಳನೇ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು. ಎರಡು ಕೆ.ಜಿ. ಇನ್ನೂರು ಗ್ರಾಂ. ವಾರ್ಡೆಲ್ಲ ಕೇಳುವಂತೆ ಅತ್ತಳು. ನನ್ನ ಬಿ.ಪಿ. ಇನ್ನೂ ಪೂರ್ತಿ ಇಳಿದಿಲ್ಲ, ಮಾತ್ರೆ ನಡೆದಿದೆ. ಆದರೂ ದೊಡ್ಡದೊಂದು ಕಂಟಕ ದಾಟಿದೆವು.

ಮರುದಿನ ರೌಂಡ್ಸ್‌ಗೆ ಬಂದ ಡಾಕ್ಟರನ್ನು ಅವ್ವ ತಡೆದಳು. ಕೂಸು ಅವಳ ಮಡಿಲಲ್ಲಿತ್ತು.

"ನಾ ಒಂದ ಕೇಳಲೇನ್ರಿ? ದ್ರಾಕ್ಷಿ ತಿಂದ್ರ ಹೊಟ್ಟ್ಯಾನ ಕೂಸ ಹೋಗತೈತೇನ್ರಿ?"

ಡಾಕ್ಟರು ಸ್ಟೂಲ್ ಎಳೆದು ಕುಳಿತರು. "ಇಲ್ರಿ ಅವ್ವಾರ. ನೀವು ಹೇಳಿದ್ದ ಕೇಳಿದ್ರ ಅದೂ ಬಿ.ಪಿ.ನ ಇರಬೇಕು. ನಿಮ್ಮದೇನೂ ತಪ್ಪಿಲ್ಲ."

ಅವ್ವ ತಲೆಯಾಡಿಸಿದಳು. ನನ್ನನ್ನು ನೋಡಲು ಬಂದವರು ತಂದಿದ್ದ ದ್ರಾಕ್ಷಿ ಮಂಚದ ಪಕ್ಕದಲ್ಲಿತ್ತು. ಕೂಸನ್ನು ನನ್ನ ಕೈಗಿತ್ತು, ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು.

"ಹುಳಿ ಅದಾವು," ಎಂದಳು. ಇನ್ನೊಂದು ಕಿತ್ತಳು.