ಗೇರ್ ಇಲ್ಲೆ

ಯಲ್ಲಾಪುರಕ್ಕೆ ಬಂದ ಮೊದಲ ದಿನವೇ ನಾನು ಬೇಡವೆಂದವರ ಮನೆಯೊಳಗೆ ಟ್ರಂಕು ಹೊತ್ತು ನುಗ್ಗಿದೆ. ಬಾಡಿಗೆಗೆ ಖೋಲಿ ಇದೆಯೇ ಎಂದು ಕೇಳಿದ್ದೆ. ಬಾಗಿಲಲ್ಲಿದ್ದ ಹೆಂಗಸು ‘ರೂಮ್ ಇಲ್ಲೆ’ ಅಂದರು. ನಮ್ಮ ಸಿಂದಗಿ ಕಡೆ ‘ಇಲ್ಲೆ’ ಎಂದರೆ ‘ಇಲ್ಲಿಯೇ’ ತಾನೇ? ಚಪ್ಪಲಿ ಬಿಟ್ಟು ಒಳಗೆ ಹೋದೆ.

“ಎಂತ ಇದು, ಇಲ್ಲೆ ಅಂದ್ರೂ ಒಳಗೇ ಬಂದ್ರಲ!”

ಇಲ್ಲಿಯ ತೋಟದ ಮನೆಗಳ ಮಾತಿನಲ್ಲಿ ‘ಇಲ್ಲೆ’ ಎಂದರೆ ‘ಇಲ್ಲ’. ನಕ್ಕು ಸುಸ್ತಾದ ಮೇಲೆ ಆಕೆ ಹಿಂದಿನ ಸಣ್ಣ ಕೋಣೆಯನ್ನು ಕೊಟ್ಟರು. ಫೋನಿನಲ್ಲಿ ಈ ಕಥೆ ಹೇಳಿದಾಗ ಊರಿನ ಮನೆಯಲ್ಲಿ ನೀವೆಲ್ಲರೂ ನಕ್ಕಿರಿ. ಆ ಮಾತು ಆಮೇಲೆ ಮಾಡಿದ್ದನ್ನು ನಿಮಗೆ ಹೇಳಿಲ್ಲ.

ನಾನು ಆಟೊಮೊಬೈಲ್ ಓದಿದವನು, ಯಾವ ಕೆಲಸದಲ್ಲೂ ಕಾಲೂರದವನು. ಲಾರಿ ಸಾಹುಕಾರರೊಬ್ಬರು ತಂತಾನೇ ಗೇರು ಬದಲಿಸಿಕೊಳ್ಳುವ ಹೊಸ ಆಟೊಮ್ಯಾಟಿಕ್ ಲಾರಿಗಳನ್ನು ತರಿಸಿದ್ದರು. ಡ್ರೈವರುಗಳನ್ನು ಅವಕ್ಕೆ ಒಗ್ಗಿಸುವುದು ನನ್ನ ಕೆಲಸ. ನಮ್ಮ ಬಯಲಿನ ರಸ್ತೆಯಲ್ಲಿ ಎದುರಿನ ಲಾರಿ ಮೊದಲು ಚುಕ್ಕಿಯಾಗಿ ಕಾಣುತ್ತದೆ, ಆಮೇಲೆ ಬಣ್ಣ, ಕೊನೆಗೆ ಸದ್ದು. ಇಲ್ಲಿಯ ಕಾಡಿನ ತಿರುವುಗಳಲ್ಲಿ ಮೊದಲು ಸದ್ದು, ಮರುಕ್ಷಣ ಲಾರಿಯೇ ಮೈಮೇಲೆ. ಊಟಕ್ಕೆ ಕೂತರೆ ಅಪ್ಪೆಹುಳಿ ಎಂದು ಮಾವಿನಕಾಯಿಯ ತೆಳ್ಳನೆಯ ಹುಳಿ ಬಡಿಸುತ್ತಾರೆ. ನಮ್ಮಂತೆ ಕಲಸಿಕೊಳ್ಳಲು ಹೋದರೆ ಬೆರಳ ಸಂದಿಯಲ್ಲೇ ಹರಿದುಹೋಗುತ್ತದೆ, ಅದನ್ನು ಸುರಿದು ಕುಡಿಯಬೇಕು. ರೊಟ್ಟಿಯ ಆಸೆಯಾದಾಗ ಮುಂಡಗೋಡದ ಬಸ್ಸು ಹತ್ತುತ್ತಿದ್ದೆ. ಖಡಕ್ ರೊಟ್ಟಿ ಮುರಿಯುವ ಸದ್ದಿಗೇ ಅರ್ಧ ಹೊಟ್ಟೆ ತುಂಬುತ್ತಿತ್ತು.

ಡ್ರೈವರುಗಳಲ್ಲಿ ನನ್ನೊಡನೆ ಸಲಿಗೆಯಿಂದ ಇದ್ದವನು ಮಂಜಣ್ಣ. ತ್ಯಾಗಲಿ ಎಂಬ ಈ ಕಡೆಯದೇ ತೋಟದ ಊರಿನವನು, ಐವತ್ತರ ಆಸುಪಾಸು, ಬಾಯಿಬಡುಕ. ನನ್ನನ್ನು ಮಾಸ್ತರ್ ಎಂದು ಕರೆಯುತ್ತಿದ್ದ, ಗೌರವದಿಂದಲ್ಲ. ಮೊದಲ ಪಾಠದ ದಿನ ಕ್ಲಚ್ ಇಲ್ಲದ ಎರಡೇ ಪೆಡಲ್‌ಗಳನ್ನು ನೋಡಿ ಕೇಳಿದ: “ಎಡಗಾಲಿಗೆ ಎಂತ ಕೆಲಸ ಮಾಸ್ತರೇ? ನಾಳೆಯಿಂದ ಮನೇಲೇ ಬಿಟ್ಟು ಬರ್ಲಾ?”

ನನ್ನ ಖೋಲಿಯ ಕಥೆ ಅವನಿಗೆ ಬಹಳ ಹಿಡಿಸಿತ್ತು. ಚಹಾ ತಂದಿಟ್ಟು ‘ಚಾ ಇಲ್ಲೆ ಮಾಸ್ತರೇ’ ಅನ್ನುತ್ತಿದ್ದ. ನನ್ನೊಡನೆ ಮಾತಾಡುವಾಗ ಎಲ್ಲರ ಕನ್ನಡ. ಮನೆಮಾತು ತನ್ನವರಿಗೆ ಮಾತ್ರ, ಅಥವಾ ಹೀಗೆ ತಮಾಷೆಗೆ.

ಅವನಿಗೊಂದು ಚಟವಿತ್ತು, ಇಲ್ಲಿಯ ಹಳೆಯ ಡ್ರೈವರುಗಳಿಗೆಲ್ಲ ಇರುವಂಥದ್ದು: ಇಳಿಜಾರಿನಲ್ಲಿ ಗೇರು ತೆಗೆದು, ಡೀಸೆಲ್ ಉಳಿಸಲು ಲಾರಿಯನ್ನು ನ್ಯೂಟ್ರಲ್‌ನಲ್ಲಿ ಬಿಡುವುದು. ಹೊಸ ಲಾರಿಯಲ್ಲಿ ಹಾಗೆ ಮಾಡಿದವನಿಗೆ ಮರುದಿನ ಕೆಲಸವಿಲ್ಲ ಎಂದು ಸಾಹುಕಾರರು ಮೊದಲೇ ಹೇಳಿದ್ದರು.

ಆ ದಿನ ಅಂಕೋಲೆಗೆ ಹೊರಟ ತುಂಬಿದ ಲಾರಿಯಲ್ಲಿ ನಾನು ಅವನ ಪಕ್ಕ ಕೂತಿದ್ದೆ. ಇಡಗುಂದಿ ದಾಟಿ ಅರಬೈಲು ಘಟ್ಟ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಇಂಜಿನ್ನಿನ ಹಿಡಿತ ತಪ್ಪಿ ಲಾರಿ ಹಗುರಾಯಿತು.

“ಗೇರ್ ಇಲ್ಲೆ” ಅಂದ ಮಂಜಣ್ಣ.

“ಹೂಂ, ಇರ್ಲಿ” ಅಂದೆ.

ಅವನು ಒಮ್ಮೆ ನನ್ನ ಮುಖ ನೋಡಿದ. ಅಷ್ಟರಲ್ಲಿ ವೇಗ ಕೈಮೀರಿತ್ತು. ಹಳೆಯ ಲಾರಿಯಾಗಿದ್ದರೆ ಎರಡು ಸಲ ಕ್ಲಚ್ ತುಳಿದು ಗೇರನ್ನು ಒಳಗೆ ತುರುಕುತ್ತಿದ್ದ. ಇದರಲ್ಲಿ ಗೇರಿನ ಗುಂಡಿಯನ್ನು ಎಷ್ಟು ತಿರುಗಿಸಿದರೂ ಗೇರು ಹಿಡಿಯಲಿಲ್ಲ. ಬ್ರೇಕು ಸುಟ್ಟ ವಾಸನೆ ಬಂತು. ಕೊನೆಗೆ ಅವನು ಲಾರಿಯನ್ನು ರಸ್ತೆಯಂಚಿನ ಧರೆಯ ಮಣ್ಣುಗೋಡೆಗೆ ಉಜ್ಜಿ ಚರಂಡಿಗೆ ಇಳಿಸಿದ. ಇಬ್ಬರೂ ಬದುಕಿದೆವು. ಲಾರಿ ನಿಂತ ಮೇಲೂ ಅವನ ಎಡಗಾಲು ಕ್ಲಚ್ ಇರಬೇಕಾದ ಜಾಗದಲ್ಲಿ ಬರಿಯ ನೆಲವನ್ನು ತುಳಿಯುತ್ತಲೇ ಇತ್ತು. ಇದೊಂದು ನನಗೆ ಖಂಡಿತ ನೆನಪಿದೆ.

ಉಳಿದದ್ದರ ಬಗ್ಗೆ ಖಾತ್ರಿಯಿಲ್ಲ. ಹೆದರಿಕೆಯಲ್ಲಿ ಅವನ ಬಾಯಿ ತ್ಯಾಗಲಿಗೆ ಹೋಯಿತು, ನನ್ನ ಕಿವಿ ಸಿಂದಗಿಗೆ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಈ ವಿವರಣೆ ಇಷ್ಟು ಚೆಂದವಾಗಿ ಹೊಂದುವುದೇ ನನ್ನ ಅನುಮಾನಕ್ಕೆ ಕಾರಣ. ಆ ಹೊತ್ತಿಗೆ ನನಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲವೇ? ಅವನ ಎಂದಿನ ತಮಾಷೆ ಎಂದುಕೊಂಡೆನೇ? ಅಥವಾ ಅವನೇ ಹಳೆಯ ಚಟಕ್ಕೆ ಗೇರು ತೆಗೆದು, ಆಮೇಲೆ ಗಾಬರಿಬಿದ್ದನೇ? ಮಂಜಣ್ಣ ಹೇಳಿದ್ದು ಒಂದೇ: ಗೇರು ತಾನಾಗಿ ಬಿಟ್ಟಿತು, ಕೂಡಲೇ ಮಾಸ್ತರಿಗೆ ಹೇಳಿದೆ, ಮಾಸ್ತರು ಇರಲಿ ಅಂದರು.

ವಿಮೆಯ ಕಡೆಯಿಂದ ಹುಬ್ಬಳ್ಳಿಯ ಒಬ್ಬರು ವಿಚಾರಣೆಗೆ ಬಂದರು. ಲಾರಿಯ ಕಂಪ್ಯೂಟರು ನ್ಯೂಟ್ರಲ್ ಎಂದಷ್ಟೇ ಹೇಳಿತ್ತು, ಅದು ಹೇಗೆ ಬಂತು ಎಂದು ಹೇಳಿರಲಿಲ್ಲ. ಹಾಗಾಗಿ ನನ್ನ ಮಾತೇ ಆಧಾರ. ಸಾಹುಕಾರರೂ ಎದುರಿಗಿದ್ದರು, ಮಂಜಣ್ಣ ಗೋಡೆಗೆ ಒರಗಿ ನಿಂತಿದ್ದ. ನಾನು ಎರಡೂ ಕಡೆಯ ‘ಇಲ್ಲೆ’ಗಳನ್ನು ವಿವರಿಸಿದೆ. ಎಡಗಾಲಿನ ವಿಷಯವನ್ನೂ ಹೇಳಿದೆ. ಕ್ಲಚ್ಚೇ ಇಲ್ಲದ ಗಾಡಿಯಲ್ಲಿ ಅದರ ಮಾತೇಕೆ ಎಂದರು ಆತ.

“ಅದೆಲ್ಲಾ ಬಿಡ್ರಿ. ನಿಮಗ ತಿಳಿದದ್ದು ಏನು? ಗೇರ್ ಐತಿ ಅಂತನೋ, ಇಲ್ಲ ಅಂತನೋ?”

ತಿಂಗಳುಗಳ ಬಳಿಕ ನಮ್ಮ ಕಡೆಯ ಮಾತು ಕೇಳಿ ಒಂದು ಕ್ಷಣ ಹಿತವಾಯಿತು. ಆ ಹಿತದಲ್ಲೇ ನಿಜ ಹೇಳಿದೆ, ಅಥವಾ ನಿಜ ಎಂದು ಅಂದುಕೊಂಡದ್ದನ್ನು.

“ಐತಿ ಅಂತ ತಿಳಿದಿದ್ದೆರಿ.”

ಆತ ಬರೆದುಕೊಂಡರು: ಗೇರು ಹಾಕಿದೆ ಎಂದು ಚಾಲಕ ತಿಳಿಸಿದ. ಅಲ್ಲಿಗೆ ಗೇರು ತೆಗೆದು ಸುಳ್ಳು ಹೇಳಿದವನು ಮಂಜಣ್ಣನೇ ಎಂದಾಯಿತು. ಎದ್ದು ವಾದಿಸಿದೆ. ಹೇಳಿದ್ದು ಬೇರೆ, ತಿಳಿದದ್ದು ಬೇರೆ ಅಂದೆ. ನಮ್ಮವರಾಗಿ ಹೀಗೆ ತಿರುಗಿದರೆ ಹೇಗೆ ಎಂದು ನಕ್ಕರು. ಮಂಜಣ್ಣ ನನ್ನನ್ನು ನೋಡಲಿಲ್ಲ; ಸಾಹುಕಾರರ ಮೇಜಿನ ಮೇಲೆ ಕೀಲಿ ಇಟ್ಟು ಹೊರಗೆ ನಡೆದ. ಮರುದಿನ ಅವನಿಗೆ ಕೆಲಸವಿರಲಿಲ್ಲ. ನನಗೆ ಇತ್ತು, ಈಗಲೂ ಇದೆ.

ಈಗ ಅವನು ಯಾರದೋ ಹಳೆಯ ಗೇರು ಲಾರಿಯಲ್ಲಿ ಮರದ ನಾಟಾ ಸಾಗಿಸುತ್ತಾನೆ. ಊರಿಗೆ ಬಂದುಬಿಡು ಎಂದು ನೀವು ಕರೆಯುತ್ತೀರಿ. ಕಳೆದ ಸಲ ಸಿಂದಗಿಗೆ ಬಂದಾಗ ಅಂಗಡಿಯವನು ಸಾಮಾನು ತೋರಿಸಿ ‘ಇಲ್ಲೆ ನೋಡ್ರಿ’ ಅಂದ. ನಾನು ಇಲ್ಲವೆಂದುಕೊಂಡು ಹಿಂದೆ ತಿರುಗಿ ಎರಡು ಹೆಜ್ಜೆ ಹಾಕಿದ್ದೆ. ಅದು ನಿಮಗೆ ಗೊತ್ತಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಮಂಜಣ್ಣ ಕೂತಿದ್ದ. ಬೆಂಚಿನಲ್ಲಿ ಅವನ ಪಕ್ಕ ಖಾಲಿಯಿತ್ತು. ಲೋಟ ಹಿಡಿದು ಹತ್ತಿರ ಹೋಗಿ ಕೇಳಿದೆ:

“ಜಾಗಾ ಐತೇನು ಮಂಜಣ್ಣ?”

ಅವನು ತಲೆ ಎತ್ತಲಿಲ್ಲ.

“ಇಲ್ಲೆ” ಅಂದ.

ಸ್ವಲ್ಪ ಸರಿದಂತೆಯೂ ಕಂಡಿತು, ಜಾಗ ಬಿಡಲೋ, ಇದ್ದ ಜಾಗ ತುಂಬಲೋ. ಬೆರಳು ಸುಡುತ್ತಿದ್ದ ಲೋಟ ಹಿಡಿದು ನಿಂತೇ ಇದ್ದೆ.